ತಟ್ಟುವ ಬೆರಳು, ತಿಳಿಯಾದ ನಾದ



ವೀಣೆ ನುಡಿಸುವವರನ್ನು ನೀವೆಲ್ಲರೂ ನೋಡಿದ್ದೀರಿ. ಎಡಗೈ ಮೆಟ್ಟಿಲಿನ ಮೇಲೆ ತಂತಿಯನ್ನೊತ್ತಿ ಇಂಥ ಸ್ವರವೆಂದು ಗೊತ್ತುಮಾಡುತ್ತದೆ; ಬಲಗೈ ಮೀಟಿ ಆ ಸ್ವರಕ್ಕೆ ಪ್ರಾಣ ಕೊಡುತ್ತದೆ. ಗಿಟಾರಿನಲ್ಲಿಯೂ ಸಾಮಾನ್ಯವಾದ ಕ್ರಮ ಇದೇ. ಒಂದು ಸ್ವರ ಹೊರಡಬೇಕಾದರೆ ಎರಡು ಕೈಯೂ ಕೂಡಬೇಕು. ಆದರೆ ವಿದ್ಯುತ್ ಗಿಟಾರಿನಲ್ಲಿ ಇನ್ನೊಂದು ಕ್ರಮವಿದೆ. ಮೀಟುವುದೇ ಇಲ್ಲ, ಬೆರಳ ತುದಿಯಿಂದ ತಂತಿಯನ್ನು ಮೆಟ್ಟಿಲಿಗೆ ತಟ್ಟಿದರೆ ಸಾಕು, ಸ್ವರ ಹೊರಡುತ್ತದೆ. ಒಂದೊಂದು ಸ್ವರಕ್ಕೆ ಒಂದೊಂದು ಬೆರಳೇ ಸಾಕಾದ ಮೇಲೆ ಎರಡು ಕೈಗೂ ಬಿಡುಗಡೆಯಾಯಿತಲ್ಲವೆ? ಬಲಗೈ ಹಾಡನ್ನು ನುಡಿಸುತ್ತಿರುವಾಗ ಎಡಗೈ ಕೆಳಸ್ಥಾಯಿಯಲ್ಲಿ ಅದಕ್ಕೆ ಒತ್ತಾಸೆಯಾಗಿರಬಹುದು. ಪಿಯಾನೋದ ಮುಂದೆ ಕುಳಿತವರು ಮಾಡುವ ಕೆಲಸವನ್ನು ಆರು ತಂತಿಗಳ ಮೇಲೆ ಮಾಡಿದಂತೆ. ಇದಕ್ಕೆ ಇಂಗ್ಲಿಷಿನಲ್ಲಿ ಟ್ಯಾಪಿಂಗ್ ಎನ್ನುತ್ತಾರೆ. ನಾವು ತಟ್ಟುನುಡಿಕೆ ಎನ್ನೋಣ. ಈ ನುಡಿಕೆಯಲ್ಲಿ ತಿಳಿಯಾದ ನಾದವನ್ನು ಪಡೆಯುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ.

ನಾನು ಇದನ್ನು ಕಲಿತದ್ದು ಕೈಸುಟ್ಟುಕೊಂಡು. ಕೆಲವು ವರ್ಷಗಳ ಕೆಳಗೆ, ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ, ತಟ್ಟುವುದನ್ನು ನಾನೇ ಅಭ್ಯಾಸ ಮಾಡಿಕೊಂಡೆ. ನಾದವನ್ನು ಬೇಕೆಂದೇ ಕರಕರಗೊಳಿಸುವ ಡಿಸ್ಟಾರ್ಷನ್ ಪೆಡಲನ್ನು ತುಳಿದುಕೊಂಡು ನುಡಿಸಿದಾಗ ಎಲ್ಲವೂ ಸೊಗಸಾಗಿಯೇ ಇತ್ತು. ಆದರೆ ಮನೆಯಲ್ಲಿ ಒಂದು ದೇವರನಾಮವನ್ನು ಬಲಗೈಯಲ್ಲೂ ಅದರ ಆಧಾರಸ್ವರಗಳನ್ನು ಎಡಗೈಯಲ್ಲೂ ನುಡಿಸಬೇಕೆಂಬ ಆಸೆ ಹುಟ್ಟಿತು. ದೇವರನಾಮಕ್ಕೆ ಕರಕರ ನಾದ ಒಪ್ಪೀತೆ? ಪೆಡಲನ್ನು ತೆಗೆದಿಟ್ಟೆ. ಆಗ ಬಯಲಾಯಿತು ನನ್ನ ಬಂಡವಾಳ. ಸ್ವರಗಳು ತೆಳ್ಳಗೆ, ಒಂದು ಜೋರು, ಇನ್ನೊಂದು ಕೇಳಿಸದಷ್ಟು ಮೆಲ್ಲಗೆ, ನಡುವೆ ಬೆರಳಿನ ಟಕಟಕ ಸದ್ದು, ಹಿಂದೆ ಎಲ್ಲಿಂದಲೋ ಗುಂಯ್ ಎನ್ನುವ ತಂತಿಗಳು. ಆಂಪ್ಲಿಫೈಯರ್ ಒಳ್ಳೆಯದಲ್ಲ ಎಂದು ನಾನೇ ತೀರ್ಮಾನಿಸಿ, ಹೆಚ್ಚು ಬೆಲೆಯ ಇನ್ನೊಂದನ್ನು ಹನ್ನೆರಡು ತಿಂಗಳ ಕಂತಿನ ಮೇಲೆ ತಂದೆ. ಅದೇ ದೋಷಗಳು ಈಗ ಇನ್ನೂ ಗಟ್ಟಿಯಾಗಿ ಕೇಳಿಸತೊಡಗಿದವು. ಮೂರನೆಯ ಕಂತು ಕಟ್ಟುವ ಹೊತ್ತಿಗೆ ಈ ವಿದ್ಯೆಯೇ ನನಗೆ ಬೇಡವೆನ್ನಿಸಿತ್ತು.

ಆ ದಿನಗಳಲ್ಲಿ ನನ್ನ ಸೋದರತ್ತೆ ನಮ್ಮ ಮನೆಗೆ ಬಂದಿದ್ದರು. ಜೀವಮಾನವೆಲ್ಲ ವೀಣೆ ನುಡಿಸಿದವರು. ಬೆರಳು ಸೋತ ಮೇಲೂ ಕಿವಿ ಸೋತಿರಲಿಲ್ಲ. ನಡುಮನೆಯಲ್ಲಿ ಹೂ ಕಟ್ಟುತ್ತಾ ಕುಳಿತಿದ್ದವರು ನನ್ನ ಸಾಧನೆಯನ್ನು ಅರ್ಧ ಗಂಟೆ ಸಹಿಸಿಕೊಂಡು, ಕೊನೆಗೆ ಕೇಳಿದರು: "ಅಲ್ಲ ಮಗು, ನಿನಗಿರೋದು ಎರಡು ಕೈ. ಕೇಳಿಸ್ತಿರೋದು ಮೂರು ದನಿ. ಆ ಮೂರನೆಯವನು ಯಾರು? ಮೊದಲು ಅವನ ಬಾಯಿ ಮುಚ್ಚಿಸು."

ನಾನು ಗಿಟಾರಿನ ತಂತಿ ಎಳೆದು ನೋಡಿದೆ. ಅತ್ತೆಯವರ ಮಾತು ನಿಜವಾಗಿತ್ತು. ಮೂರನೆಯ ದನಿಯೊಂದಿತ್ತು. ಅದು ಎಲ್ಲಿಂದ ಬರುತ್ತದೆಂಬುದನ್ನು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ತಂತಿಯನ್ನು ಮೆಟ್ಟಿಲಿಗೆ ತಟ್ಟಿದಾಗ ಅದು ಎರಡು ತುಂಡಾಗುತ್ತದೆ. ಮೆಟ್ಟಿಲಿನಿಂದ ಕುದುರೆಯವರೆಗಿನದು ಒಂದು. ನಮಗೆ ಬೇಕಾದ ಸ್ವರ ಅಲ್ಲಿದೆ. ಬೆರಳಿನ ಹಿಂದೆ, ಗಿಟಾರಿನ ತಲೆಯ ಕಡೆಯ ನಟ್ ಎಂಬ ಪಟ್ಟಿಯವರೆಗಿನದು ಇನ್ನೊಂದು. ತಟ್ಟಿದ ಪೆಟ್ಟಿಗೆ ಎರಡೂ ಅದುರುತ್ತವೆ. ಬಿಡಿತಂತಿಯನ್ನು ಷಡ್ಜವೆಂದು ಇಟ್ಟುಕೊಳ್ಳಿ. 5ನೆಯ ಮೆಟ್ಟಿಲಿನಲ್ಲಿ ತಟ್ಟಿದರೆ ಮುಂದಿನ ಮುಕ್ಕಾಲು ಭಾಗ ಶುದ್ಧ ಮಧ್ಯಮವನ್ನು ನುಡಿಯುತ್ತದೆ. ಹಿಂದಿನ ಕಾಲು ಭಾಗ ಎರಡು ಸ್ಥಾಯಿ ಮೇಲಿನ ಷಡ್ಜದ ಹತ್ತಿರ ಏನನ್ನೋ ಗೊಣಗುತ್ತದೆ. ಇಷ್ಟೇ ಆಗಿದ್ದರೆ ಬಿಡಬಹುದಾಗಿತ್ತು. ಬೆರಳನ್ನು ಎತ್ತಿದೊಡನೆ ಆ ಎತ್ತುವಿಕೆಯೇ ಒಂದು ಸಣ್ಣ ಮೀಟಾಗಿ ಇಡೀ ಬಿಡಿತಂತಿ ನುಡಿದುಬಿಡುತ್ತದೆ. ಅದರ ಅದುರಿಗೆ ಪಕ್ಕದ ತಂತಿಗಳೂ ದನಿಗೂಡಿಸುತ್ತವೆ. ಮೀಟಿ ನುಡಿಸುವವರಾದರೆ ಬಲ ಅಂಗೈಯನ್ನು ಇಟ್ಟು ಇವನ್ನೆಲ್ಲ ಅಡಗಿಸುತ್ತಾರೆ. ಎರಡು ಕೈಯಿಂದಲೂ ತಟ್ಟುವವರಿಗೆ ಬಿಡುವಾದ ಕೈ ಎಲ್ಲಿದೆ? ಅತ್ತೆಯವರು ಹೇಳಿದ ಮೂರನೆಯವನು ಇವನೇ.

ಈ ತೊಂದರೆ ಹೊಸದಲ್ಲ. ಯೂರೋಪಿನಲ್ಲಿ ಕ್ಲಾವಿಕಾರ್ಡ್ ಎಂಬ ಹಳೆಯ ವಾದ್ಯವೊಂದುಂಟು. ನೋಡಲು ಚಿಕ್ಕ ಪಿಯಾನೋದಂತೆ. ಉಳಿದಿರುವವುಗಳಲ್ಲಿ ಬಹು ಹಳೆಯದೊಂದು 1543ನೆಯ ಇಸವಿಯದು. ಅದರ ಬಿಲ್ಲೆಯನ್ನು ಒತ್ತಿದರೆ ಸಣ್ಣದೊಂದು ಹಿತ್ತಾಳೆಯ ಅಲಗು ಮೇಲೆದ್ದು ತಂತಿಯನ್ನು ತಟ್ಟಿ, ಬಿಲ್ಲೆಯನ್ನು ಬಿಡುವತನಕ ಅಲ್ಲಿಯೇ ಒತ್ತಿ ನಿಲ್ಲುತ್ತದೆ. ಅಂದರೆ ನಮ್ಮ ತಟ್ಟುವ ಬೆರಳಿನ ಕೆಲಸವನ್ನೇ ಅದು ಮಾಡುತ್ತದೆ. ಅಲ್ಲಿಯೂ ತಂತಿ ಎರಡು ತುಂಡಾಗಬೇಕು; ಬೇಡವಾದ ತುಂಡು ಗೊಣಗಬೇಕು. ಆ ಬಡಗಿಗಳು ಏನು ಮಾಡಿದರು ಬಲ್ಲಿರಾ? ಬೇಡವಾದ ಕಡೆಯ ತಂತಿಗಳ ನಡುವೆ ಬಟ್ಟೆಯ ಪಟ್ಟಿಯನ್ನು ಹೆಣೆದುಬಿಟ್ಟರು. ಬಿಲ್ಲೆಯನ್ನು ಬಿಟ್ಟ ಕೂಡಲೆ ಆ ಬಟ್ಟೆಯೇ ಇಡೀ ತಂತಿಯನ್ನು ಸುಮ್ಮನಾಗಿಸುತ್ತದೆ. ಅತ್ಯಂತ ಮೆಲುದನಿಯ ವಾದ್ಯ. ಆದರೆ ಅದರ ನಾದ ತಿಳಿ.

ಗಿಟಾರಿನಲ್ಲಿ ಈ ಬಗೆಯ ನುಡಿಕೆ ಬಂದ ಬಗೆಯನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಬರಿಯ ಮರದ ಗಿಟಾರಿನಲ್ಲಿ ತಟ್ಟಿದ ಸದ್ದು ಎದುರು ಕುಳಿತವರಿಗೂ ಸರಿಯಾಗಿ ಕೇಳಿಸದು. 1930ರ ದಶಕದಲ್ಲಿ ವಿದ್ಯುತ್ ಗಿಟಾರು ಬಂದ ಮೇಲೆ ಮೆಲ್ಲನೆಯ ಸದ್ದನ್ನೂ ಹಿಗ್ಗಿಸುವುದು ಸಾಧ್ಯವಾಯಿತು. ಅಮೆರಿಕದ ಜಿಮ್ಮಿ ವೆಬ್‌ಸ್ಟರ್ ಎಂಬುವರು 1952ರಲ್ಲಿಯೇ ಎರಡು ಕೈಗಳಿಂದ ತಟ್ಟಿ ನುಡಿಸುವ ಕ್ರಮವನ್ನು ಪಾಠಪುಸ್ತಕವಾಗಿ ಹೊರತಂದರು. ಎಮ್ಮೆಟ್ ಚಾಪ್‌ಮನ್ 1969ರಲ್ಲಿ ತಮ್ಮದೇ ಕ್ರಮವನ್ನು ಕಂಡುಕೊಂಡು, ತಟ್ಟುವುದಕ್ಕೆಂದೇ ಹತ್ತು ತಂತಿಗಳ ಹೊಸ ವಾದ್ಯವನ್ನು 1974ರಲ್ಲಿ ಮಾರುಕಟ್ಟೆಗೆ ತಂದರು. 1978ರಲ್ಲಿ ಎಡ್ಡಿ ವ್ಯಾನ್ ಹ್ಯಾಲನ್ ಅವರ ಮುದ್ರಿಕೆಯೊಂದರಿಂದ ತಟ್ಟುವುದು ಜಗತ್ತಿನ ಹುಡುಗರ ಕೈಗೆಲ್ಲ ಹಬ್ಬಿತು. ಆದರೆ ಅವರದು ಕರಕರ ನಾದದ ಮಿಂಚಿನ ಓಟ. ತಿಳಿಯಾದ ನಾದದಲ್ಲಿ, ಎರಡು ಕೈಗೂ ಬೇರೆ ಬೇರೆ ದನಿ ಕೊಟ್ಟು ನುಡಿಸಿ ಹೆಸರಾದವರು ಸ್ಟ್ಯಾನ್ಲಿ ಜಾರ್ಡನ್. 1959ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿ ಮೊದಲು ಕಲಿತದ್ದು ಪಿಯಾನೋ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಸಂಗೀತ ಓದಿ, ನ್ಯೂಯಾರ್ಕಿನ ಬೀದಿಗಳಲ್ಲಿ ನುಡಿಸಿ, 1985ರಲ್ಲಿ 'ಮ್ಯಾಜಿಕ್ ಟಚ್' ಎಂಬ ಮುದ್ರಿಕೆಯಿಂದ ಪ್ರಸಿದ್ಧರಾದರು. ಪಿಯಾನೋದ ಎರಡು ಕೈ ಸ್ವಾತಂತ್ರ್ಯ ಗಿಟಾರಿನಲ್ಲಿಯೂ ಬೇಕೆಂಬುದೇ ಅವರ ಹಂಬಲ. ನಾನು ಕೇಳಿ ಮರುಳಾದದ್ದು ಇವರ ನುಡಿಕೆಗೇ.

ಕರಕರ ನಾದದಲ್ಲಿ ಸುಲಭವಾದದ್ದು ತಿಳಿನಾದದಲ್ಲಿ ಏಕೆ ಕಷ್ಟ? ಡಿಸ್ಟಾರ್ಷನ್ ಮಾಡುವ ಕೆಲಸವೆಂದರೆ ಧ್ವನಿಯ ಅಲೆಯ ತುದಿಗಳನ್ನು ಕತ್ತರಿಸುವುದು. ದೊಡ್ಡ ಅಲೆಯೂ ಸಣ್ಣ ಅಲೆಯೂ ಸರಿಸುಮಾರು ಒಂದೇ ಎತ್ತರಕ್ಕೆ ಬರುತ್ತವೆ. ಜೋರಾಗಿ ತಟ್ಟಿದ್ದೂ ಮೆಲ್ಲಗೆ ತಟ್ಟಿದ್ದೂ ಒಂದೇ ಸಮನಾಗಿ, ದೀರ್ಘವಾಗಿ ಕೇಳಿಸುತ್ತವೆ. ಬಣ್ಣ ಬಳಿದ ಗೋಡೆಯಲ್ಲಿ ಬಿರುಕು ಕಾಣುವುದಿಲ್ಲವಲ್ಲ, ಹಾಗೆ. ತಿಳಿಯಾದ ನಾದ ತಿಳಿಯಾದ ನೀರಿನಂತೆ. ತಳದ ಕಲ್ಲು ಕಸವೆಲ್ಲ ಕಾಣುತ್ತದೆ. ಆಂಪ್ಲಿಫೈಯರಿಗೆ ನಾವು ಧ್ವನಿವರ್ಧಕ ಎನ್ನುತ್ತೇವೆ. ಅದು ಧ್ವನಿವರ್ಧಕವೇ ಹೊರತು ಗುಣವರ್ಧಕವಲ್ಲ. ಆದುದರಿಂದ ಕೆಲಸ ತಂತಿಯಲ್ಲಿ ಮೊದಲಾಗಬೇಕು. ಆಂಪ್ಲಿಫೈಯರಿನ ಸರದಿ ಕೊನೆಗೆ.

ಈಗ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಬಟ್ಟೆ. ಒಂದಂಗುಲ ಅಗಲದ ಉಣ್ಣೆಯ ಅಥವಾ ಫ್ಲಾನೆಲ್ ಬಟ್ಟೆಯ ಪಟ್ಟಿಯನ್ನು ನಟ್ಟಿಗೂ ಮೊದಲನೆಯ ಮೆಟ್ಟಿಲಿಗೂ ನಡುವೆ, ತಂತಿಗಳ ಮೇಲೊಮ್ಮೆ ಕೆಳಗೊಮ್ಮೆ ಹಾಯಿಸಿ ಹೆಣೆಯಿರಿ. ಹೆಣ್ಣುಮಕ್ಕಳು ಕೂದಲಿಗೆ ಹಾಕುವ ಬಟ್ಟೆ ಹೊದಿಸಿದ ರಬ್ಬರ್ ಬ್ಯಾಂಡನ್ನು ದಂಡಿಗೆ ಸುತ್ತಿದರೂ ಆಗುತ್ತದೆ. ಎಷ್ಟೋ ಮಂದಿ ವಾದಕರು ಹಾಗೆಯೇ ಮಾಡುತ್ತಾರೆ. ಇದಕ್ಕೆಂದೇ ಮಾಡಿದ ಸಾಧನಗಳೂ ಅಂಗಡಿಗಳಲ್ಲಿ ಸಿಕ್ಕುತ್ತವೆ. ಬಟ್ಟೆ ತಂತಿಯನ್ನು ಮುಟ್ಟಬೇಕು, ಅದುಮಬಾರದು. ಅದುಮಿದರೆ ಶ್ರುತಿ ಏರುತ್ತದೆ. ಕಟ್ಟಿದ ಮೇಲೆ ಬಿಡಿತಂತಿಯನ್ನು ಮೀಟಿ ನೋಡಿ. ಟಪ್ ಎಂಬ ಸತ್ತ ಸದ್ದು ಬಂದರೆ ಸರಿಯಾಯಿತು. ಒಂದು ನಷ್ಟವುಂಟು, ಬಟ್ಟೆಯಿರುವತನಕ ಬಿಡಿತಂತಿಯ ಸ್ವರಗಳನ್ನು ಬಳಸುವಂತಿಲ್ಲ. ಬೇಕೆಂದಾಗ ನಟ್ಟಿನ ಆಚೆಗೆ ಸರಿಸಿಕೊಂಡರಾಯಿತು.

ಎರಡನೆಯದು ತಂತಿಯ ಎತ್ತರ. ತಂತಿ ಮೆಟ್ಟಿಲಿನಿಂದ ಮೇಲಿದ್ದಷ್ಟೂ ಬೆರಳು ದೂರ ಓಡಬೇಕು, ಜೋರಾಗಿ ಹೊಡೆಯಬೇಕು. ಟಕಟಕ ಸದ್ದು ಹೆಚ್ಚುತ್ತದೆ. ಸಾಮಾನ್ಯ ಗಿಟಾರಿನಲ್ಲಿ 12ನೆಯ ಮೆಟ್ಟಿಲಿನ ಮೇಲೆ ತಂತಿ ಸುಮಾರು ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರದಲ್ಲಿರುತ್ತದೆ. ತಟ್ಟುವವರು ಅದನ್ನು ಒಂದು ಮಿಲಿಮೀಟರಿನ ಆಸುಪಾಸಿಗೆ ಇಳಿಸಿಕೊಳ್ಳುತ್ತಾರೆ. ಕುದುರೆಯ ಸಣ್ಣ ತಿರುಪುಗಳನ್ನು ಕಾಲು ಸುತ್ತು ಕಾಲು ಸುತ್ತಾಗಿ ತಿರುಗಿಸುತ್ತಾ, ಪ್ರತಿ ಸಲವೂ ಎಲ್ಲ ಮೆಟ್ಟಿಲುಗಳಲ್ಲಿ ನುಡಿಸಿ ನೋಡಿ. ಎಲ್ಲಿಯಾದರೂ ಝರ್ ಎಂದರೆ ತುಸು ಹಿಂದಕ್ಕೆ ಬನ್ನಿ. ಮೆಟ್ಟಿಲುಗಳು ಏರುಪೇರಾಗಿದ್ದರೆ, ಇಲ್ಲವೆ ದಂಡಿ ಬಾಗಿದ್ದರೆ, ತಿಳಿದ ಕುಶಲಕರ್ಮಿಯಿಂದ ಸರಿಮಾಡಿಸಿ. ದಂಡಿಯೊಳಗಿನ ಕಬ್ಬಿಣದ ಸರಳನ್ನು ಅರಿಯದೆ ತಿರುಗಿಸಬೇಡಿ. ಹೊಸ ಆಂಪ್ಲಿಫೈಯರಿಗೆ ತೆರುವ ಹಣದ ಸಣ್ಣದೊಂದು ಪಾಲು ಈ ಕೆಲಸಕ್ಕೆ ಸಾಕು.

ಮೂರನೆಯದು ತಂತಿ ಮತ್ತು ಪಿಕಪ್. ತೆಳು ತಂತಿ ಹಗುರಾದ ಪೆಟ್ಟಿಗೇ ನುಡಿಯುತ್ತದೆ. ಮೊದಲ ತಂತಿ ಒಂದು ಅಂಗುಲದ ಸಾವಿರದಲ್ಲಿ 9 ಅಥವಾ 10 ಪಾಲು ದಪ್ಪವಿರುವ ಕಟ್ಟು ಇದಕ್ಕೆ ತಕ್ಕದ್ದು. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿ. ಉಕ್ಕಿನ ತಂತಿ ಅದರ ಮುಂದೆ ಅದುರಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಜೋರು ಬರಲೆಂದು ಪಿಕಪ್ಪನ್ನು ತಂತಿಗೆ ತೀರ ಹತ್ತಿರ ಏರಿಸುವವರುಂಟು. ಅದು ತಪ್ಪು, ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ತೊಯ್ದಾಡುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿದಾಗ ನಡುವೆ ಎರಡು ಮಿಲಿಮೀಟರಿನಷ್ಟಾದರೂ ತೆರಪಿರಲಿ. ಗಿಟಾರಿನಲ್ಲಿ ಎರಡು ಪಿಕಪ್ಪುಗಳಿದ್ದರೆ ದಂಡಿಯ ಕಡೆಯದು ತುಂಬುನಾದ ಕೊಡುತ್ತದೆ, ಕುದುರೆಯ ಕಡೆಯದು ಚುರುಕು ನಾದ. ತಟ್ಟಿದ ಸ್ವರ ಸ್ವಭಾವತಃ ತೆಳುವಾದುದರಿಂದ ದಂಡಿಯ ಕಡೆಯದರಿಂದ ಪ್ರಾರಂಭಿಸುವುದು ಮೇಲು.

ನಾಲ್ಕನೆಯದು ಆಂಪ್ಲಿಫೈಯರ್. ಅದರಲ್ಲಿ ಸಾಮಾನ್ಯವಾಗಿ ಎರಡು ಗುಂಡಿಗಳಿರುತ್ತವೆ: ಒಳಬರುವ ಧ್ವನಿಯನ್ನು ಹಿಗ್ಗಿಸುವ ಗೇನ್ ಒಂದು, ಹೊರಗಿನ ಗಟ್ಟಿತನವನ್ನು ಗೊತ್ತುಮಾಡುವ ವಾಲ್ಯೂಮ್ ಇನ್ನೊಂದು. ಗೇನನ್ನು ಕೆಳಗಿಟ್ಟು ವಾಲ್ಯೂಮಿನಿಂದ ಗಟ್ಟಿಮಾಡಿಕೊಳ್ಳಿ. ಹಿಂದುಮುಂದಾದರೆ ನಾದ ಒಳಗೇ ಒಡೆಯುತ್ತದೆ. ಬಾಸ್, ಮಿಡ್, ಟ್ರೆಬಲ್ ಮೂರನ್ನೂ ನಡುವೆ ನಿಲ್ಲಿಸಿ ಆರಂಭಿಸಿ. ಎಡಗೈಯ ದನಿ ಗುಡುಗುಟ್ಟಿದರೆ ಬಾಸ್ ತಗ್ಗಿಸಿ. ಬೆರಳಿನ ಟಕಟಕ ಮುಂದೆ ಬಂದರೆ ಟ್ರೆಬಲ್ ತಗ್ಗಿಸಿ. ಹಾಡು ಹಿಂದೆ ಬಿದ್ದರೆ ಮಿಡ್ ಸ್ವಲ್ಪ ಏರಿಸಿ. ಒಂದು ಸಲಕ್ಕೆ ಒಂದೇ ಗುಂಡಿ. ಪ್ರತಿಧ್ವನಿಯ ಗುಂಡಿ ಉಪ್ಪಿನ ಹಾಗೆ, ಚಿಟಿಕೆಯಷ್ಟು ಸಾಕು.

ಐದನೆಯದು ಕಂಪ್ರೆಸರ್ ಎಂಬ ಪೆಟ್ಟಿಗೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಇದನ್ನು ಇಡುತ್ತಾರೆ. ಗೊತ್ತಾದ ಮಟ್ಟವನ್ನು ಮೀರಿದ ಸದ್ದನ್ನು ಇದು ತಗ್ಗಿಸುತ್ತದೆ. ನಾಲ್ಕಕ್ಕೆ ಒಂದು ಎಂದು ಹೊಂದಿಸಿದರೆ, ಆ ಮಟ್ಟದ ಮೇಲೆ ನಾಲ್ಕು ಡೆಸಿಬಲ್ ಏರಿದ್ದು ಒಂದೇ ಡೆಸಿಬಲ್ ಏರಿದಂತೆ ಹೊರಬರುತ್ತದೆ. ಆಮೇಲೆ ಒಟ್ಟು ಧ್ವನಿಯನ್ನು ಏರಿಸಿದರೆ ಮೆಲ್ಲನೆಯ ಸ್ವರಗಳೂ ಮುಂದೆ ಬರುತ್ತವೆ. ನಾದವನ್ನು ಕರಕರಗೊಳಿಸದೆ ಸಮಮಾಡಿಕೊಳ್ಳುವ ಉಪಾಯವಿದು. ಆದರೆ ನೆನಪಿರಲಿ, ಮೆಲ್ಲನೆಯ ಸ್ವರವನ್ನು ಏರಿಸುವ ಈ ಪೆಟ್ಟಿಗೆ ಮೆಲ್ಲನೆಯ ಗೊಣಗಾಟವನ್ನೂ ಏರಿಸುತ್ತದೆ. ಬಟ್ಟೆ ಕಟ್ಟದೆ ಕಂಪ್ರೆಸರ್ ಹಾಕುವುದೆಂದರೆ ಮೂರನೆಯವನ ಕೈಗೆ ಮೈಕು ಕೊಟ್ಟ ಹಾಗೆ.

ಇನ್ನು ಗುಂಯ್‌ಗುಟ್ಟುವ ಸದ್ದು. ತಂತಿಗಳನ್ನು ಅಡಗಿಸಿದ ಮೇಲೂ ಅದು ಉಳಿದರೆ ಬರುತ್ತಿರುವುದು ಮನೆಯ ವಿದ್ಯುತ್ತಿನಿಂದ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದು. ಒಂಟಿ ಸುರುಳಿಯ ಪಿಕಪ್ ಅದನ್ನು ಬೇಗ ಹಿಡಿಯುತ್ತದೆ. ಟ್ಯೂಬ್‌ಲೈಟಿನ ಚೋಕಿನಿಂದಲೂ ಫ್ಯಾನಿನ ರೆಗ್ಯುಲೇಟರಿನಿಂದಲೂ ದೂರ ಕುಳಿತು, ಗಿಟಾರಿನ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿ. ಒಂದು ದಿಕ್ಕಿನಲ್ಲಿ ಸದ್ದು ತಗ್ಗುತ್ತದೆ. ಅಮೆರಿಕದ ಸೇತ್ ಲವರ್ ಎಂಬ ತಂತ್ರಜ್ಞರು 1955ರಲ್ಲಿ ಇದಕ್ಕಾಗಿಯೇ ಎರಡು ಸುರುಳಿಗಳ ಪಿಕಪ್ ರೂಪಿಸಿದರು. ಒಂದರಲ್ಲಿ ಹುಟ್ಟಿದ ಗುಂಯ್ ಇನ್ನೊಂದರಲ್ಲಿ ಹುಟ್ಟಿದ್ದನ್ನು ಅಳಿಸುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಅರ್ಥಿಂಗಿನದು. ಗಿಟಾರಿನ ತಂತಿಗೂ ಆಂಪ್ಲಿಫೈಯರಿನ ಅರ್ಥಿಗೂ ಸಂಬಂಧವಿದೆ. ನಿಮ್ಮ ಹತ್ತು ಬೆರಳೂ ಆ ತಂತಿಯ ಮೇಲಿರುತ್ತವೆ. ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ನನ್ನು ಎಂದಿಗೂ ತೆಗೆಯಬೇಡಿ. ತಂತಿ ಮುಟ್ಟಿದಾಗ ಜುಮ್ಮೆಂದರೆ ಕೂಡಲೆ ಸ್ವಿಚ್ ಆರಿಸಿ, ವಿದ್ಯುತ್ ಕೆಲಸ ಬಲ್ಲವರನ್ನು ಕರೆಸಿ.

ಕೊನೆಗೆ ಉಳಿದದ್ದು ಕೈ. ಉಗುರನ್ನು ಒಟ್ಟವಾಗಿ ಕತ್ತರಿಸಿರಬೇಕು. ಬೆರಳು ಮೆಟ್ಟಿಲಿಗೆ ಒತ್ತಿಕೊಂಡಂತೆ ಅದರ ಹಿಂಬದಿಯಲ್ಲೇ ನೇರವಾಗಿ ಬೀಳಬೇಕು; ಮೆಟ್ಟಿಲುಗಳ ನಟ್ಟನಡುವೆ ಬಿದ್ದರೆ ಸ್ವರ ಮಂಕಾಗುತ್ತದೆ. ಬಿದ್ದ ಬೆರಳು ಅಲ್ಲಿಯೇ ನಿಲ್ಲಬೇಕು. ಸ್ವರದ ಆಯುಸ್ಸು ಬೆರಳು ನಿಂತಷ್ಟೇ ಹೊತ್ತು. ಎತ್ತುವಾಗ ಪಕ್ಕಕ್ಕೆ ಎಳೆಯದೆ ನೇರವಾಗಿ ಎತ್ತಬೇಕು. ಗಟ್ಟಿತನ ಬರುವುದು ಬೆರಳಿನ ವೇಗದಿಂದ, ಭುಜದ ಬಲದಿಂದಲ್ಲ. ಪ್ರತಿದಿನವೂ ಮೊದಲ ಹತ್ತು ನಿಮಿಷ ಆಂಪ್ಲಿಫೈಯರ್ ಹಾಕದೆಯೇ ಅಭ್ಯಾಸ ಮಾಡಿ. ಒಂದು ಬೆರಳು, ಒಂದು ಸ್ವರ. ಅದೇ ಸ್ವರ ಇನ್ನೊಂದು ಬೆರಳಿನಿಂದ. ಎರಡೂ ಒಂದೇ ತೂಕದಲ್ಲಿ ಕೇಳಿಸುವ ತನಕ ಮುಂದೆ ಹೋಗಬೇಡಿ. ಬಹು ಮಂದಿಗೆ ಕಿರುಬೆರಳೇ ಕಡೆಗೆ ಪಳಗುವುದು. ವಾರಕ್ಕೊಮ್ಮೆ ನಿಮ್ಮ ನುಡಿಕೆಯನ್ನು ಮೊಬೈಲ್ ಫೋನಿನಲ್ಲಿ ಮುದ್ರಿಸಿ, ಮಾರನೆಯ ದಿನ ಕೇಳಿ. ನುಡಿಸುವಾಗಿನ ಕಿವಿ ಮೋಹದ ಕಿವಿ. ಮಾರನೆಯ ದಿನದ ಕಿವಿ ಪರೀಕ್ಷಕನ ಕಿವಿ.

ಅತ್ತೆಯವರ ಮಾತಿಗೆ ಹಿಂತಿರುಗುತ್ತೇನೆ. ಅಂದು ಅವರು ತಮ್ಮ ಹಳೆಯ ಉಣ್ಣೆಯ ಶಾಲಿನ ಅಂಚಿನಿಂದ ಒಂದು ಪಟ್ಟಿಯನ್ನು ಕತ್ತರಿಸಿ ಕೊಟ್ಟರು. ಅದನ್ನು ಕಟ್ಟಿ, ತಂತಿಗಳನ್ನು ಇಳಿಸಿ, ಮೂರು ವಾರ ಮನೆಯೊಳಗೆ ಸದ್ದಿಲ್ಲದೆ ಅಭ್ಯಾಸ ಮಾಡಿದೆ. ಅವರು ಊರಿಗೆ ಹೊರಡುವ ಹಿಂದಿನ ಸಂಜೆ, ನನ್ನ ಹಳೆಯ ಚಿಕ್ಕ ಆಂಪ್ಲಿಫೈಯರಿನಲ್ಲಿಯೇ ಆ ದೇವರನಾಮವನ್ನು ನುಡಿಸಿದೆ. ಗಮಕಗಳು ವೀಣೆಯಂತೆ ಬರಲಿಲ್ಲ; ತಟ್ಟುನುಡಿಕೆಯಲ್ಲಿ ಅದು ಬರುವಂಥದೂ ಅಲ್ಲ. ತಪ್ಪುಗಳೂ ಇದ್ದವು. ಮುಗಿಸಿ ತಲೆಯೆತ್ತಿ ನೋಡಿದರೆ ಅತ್ತೆಯವರ ಕೈಯಲ್ಲಿ ಹೂವಿನ ದಾರ ಹಾಗೆಯೇ ನಿಂತಿತ್ತು. "ಈಗ ಇಬ್ಬರೇ ಹಾಡ್ತಿದ್ದಾರೆ ಕಣೋ. ಮೂರನೆಯವನು ಎದ್ದುಹೋದ," ಎಂದರು. ಮತ್ತೆ ಹೂ ಕಟ್ಟತೊಡಗಿದರು.

ಉಳಿದ ಎಂಟು ಕಂತುಗಳನ್ನೂ ನಾನು ಕಟ್ಟಲೇಬೇಕಾಯಿತು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಗಿಟಾರನ್ನು ಹಿಡಿದು, ನಾದ ಚೆನ್ನಾಗಿಲ್ಲ, ಹೊಸ ಆಂಪ್ಲಿಫೈಯರ್ ಕೊಡಿಸಿ ಎಂದು ಕೇಳಿದರೆ ಒಡನೆಯೇ ಬೈಯಬೇಡಿ, ಒಡನೆಯೇ ಕೊಡಿಸಲೂ ಬೇಡಿ. ಒಂದು ತುಂಡು ಬಟ್ಟೆ ಕೊಡಿ. ಒಂದು ದಿನ ಕುಳಿತು ತಂತಿಯ ಎತ್ತರ ನೋಡಿಸಿ. ಆಮೇಲೆ ಪಕ್ಕದಲ್ಲಿ ಸುಮ್ಮನೆ ಕುಳಿತು ಕೇಳಿ, ಎಷ್ಟು ದನಿ ಕೇಳಿಸುತ್ತದೆಂದು ಎಣಿಸಿ ಹೇಳಿ. ಸಂಗೀತ ಕಲಿಯುತ್ತಿರುವವರಿಗೆ ಮನೆಯವರು ಮಾಡಬಹುದಾದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ.